ಹೊಸ ಪೋಸ್ಟಿಂಗ್‌ಗೆ ಬಂದ ಮೇಲೆ ದಿನಾ ಅಳು ಬರುತ್ತೆ, ನಾನು ಡಾಕ್ಟರ್ ಆಗೋಕೆ ಲಾಯಕ್ಕಿಲ್ವಾ?

ಪ್ರಶ್ನೆ: ನಮ್ಮೂರು ಅರಸೀಕೆರೆ. ಎಂ.ಬಿ.ಬಿ.ಎಸ್. ಮುಗಿಸಿ ಈಗ ಹೌಸ್ ಸರ್ಜನ್ (ಇಂಟರ್ನ್) ಆಗಿ ಒಂದು ವರ್ಷದ ಆಸ್ಪತ್ರೆ ತರಬೇತಿಯಲ್ಲಿದ್ದೇನೆ. ಮೊದಲ ಮೂರು ತಿಂಗಳು ಸಕಲೇಶಪುರ ಕಡೆ ಒಂದು ಪಿ.ಎಚ್.ಸಿ.ಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಇದ್ದೆ. ತುಂಬಾ ಚೆನ್ನಾಗಿತ್ತು. ಎಸ್ಟೇಟ್ ಕೆಲಸದವರು 'ಡಾಕ್ಟ್ರಮ್ಮ' ಅಂತ ಹುಡುಕಿಕೊಂಡು ಬರುತ್ತಿದ್ದರು. ಈಗ ದೊಡ್ಡಾಸ್ಪತ್ರೆಯಲ್ಲಿ ಮೆಡಿಸಿನ್ ಪೋಸ್ಟಿಂಗ್. ಬಂದು ಎರಡು ವಾರ ಆಯ್ತು. ಇಲ್ಲಿ ನನಗೆ ಹೆಸರೇ ಇಲ್ಲ. 'ಏ ಇಂಟರ್ನ್, ಸ್ಯಾಂಪಲ್ ಹೋಯ್ತಾ?' ಅಷ್ಟೇ. ಬೆಳಿಗ್ಗೆ ಆರಕ್ಕೆ ಬ್ಲಡ್ ತೆಗೆದು, ಲ್ಯಾಬಿಗೆ ಓಡಿ, ರಿಪೋರ್ಟ್ ತಂದು ಬರೆಯೋದರಲ್ಲೇ ದಿನ ಮುಗಿಯುತ್ತೆ. ರಿಪೋರ್ಟ್ ತಡವಾದರೆ ರೌಂಡ್ಸ್‌ನಲ್ಲಿ ಪೇಷೆಂಟ್‌ಗಳ ಮುಂದೆಯೇ ಪಿ.ಜಿ. (ಎಂ.ಡಿ. ಓದುತ್ತಿರುವ ಸೀನಿಯರ್ ಡಾಕ್ಟರ್) ಬೈಯ್ತಾರೆ. ನೈಟ್ ಡ್ಯೂಟಿಯಲ್ಲಿ ವಾರ್ಡಿಗೆ ನಾನೊಬ್ಬಳೇ. ಪಿ.ಜಿ.ಗೆ ಫೋನ್ ಮಾಡಿದರೆ ಒಮ್ಮೊಮ್ಮೆ ಎತ್ತುವುದಿಲ್ಲ. ಮೊನ್ನೆ ರಾತ್ರಿ ಒಬ್ಬರು ತೀರಿಕೊಂಡಾಗ 'ಡೆತ್ ಸರ್ಟಿಫಿಕೇಟ್‌ಗೆ ನೀನೇ ಸೈನ್ ಮಾಡಿ ಕೊಟ್ಟುಬಿಡು' ಅಂದರು. ಮಾಡಲಿಲ್ಲ, ಅದಕ್ಕೂ ಬೈಸಿಕೊಂಡೆ. ಹೋದ ವಾರ ಬೆರಳಿಗೆ ಸೂಜಿ ಚುಚ್ಚಿತು, ಹಿಂಡಿ ಸ್ಪಿರಿಟ್ ಹಚ್ಚಿದೆ, ಯಾರಿಗೂ ಹೇಳಿಲ್ಲ. ಸೀನಿಯರ್‌ಗಳನ್ನು ಕೇಳಿದರೆ 'ನಾವೂ ಹೀಗೇ ಕಲಿತಿದ್ದು' ಅಂತಾರೆ. ಅಪ್ಪ 'ಹೇಗೋ ಸಹಿಸಿಕೋ ಮಗಳೇ' ಅಂತಾರೆ. ಪೋಸ್ಟಿಂಗ್ ಬದಲಾಯಿಸಿಕೊಳ್ಳಲಾ? ಕಂಪ್ಲೇಂಟ್ ಕೊಟ್ಟರೆ ಕಂಪ್ಲೀಷನ್ ಸರ್ಟಿಫಿಕೇಟ್ ತಡೆಹಿಡಿಯುತ್ತಾರಾ? ಎಂ.ಡಿ. ಸೀಟಿನ ಪ್ರವೇಶ ಪರೀಕ್ಷೆ ನೀಟ್ ಪಿ.ಜಿ.ಗೆ ಓದೋಕೂ ಆಗ್ತಿಲ್ಲ. ನೈಟ್ ಮುಗಿಸಿ ಸ್ಕೂಟಿಯಲ್ಲಿ ಊರಿಗೆ ಹೋಗುವಾಗ ದಾರಿಯುದ್ದಕ್ಕೂ ಅಳ್ತೀನಿ. ಈ ಕೆಲಸಕ್ಕೆ ನಾನು ಲಾಯಕ್ಕಿಲ್ಲ ಅನ್ನಿಸುತ್ತೆ.
(ಹೆಸರು ಬೇಡ)

ಉತ್ತರ: ಉಳಿದದ್ದೆಲ್ಲ ಆಮೇಲೆ. ಮೊದಲು ಆ ಸೂಜಿ ವಿಷಯ.

ನೀವು ಅದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ. ಎಚ್.ಐ.ವಿ. ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಕೊಡುವುದಿಲ್ಲ. ನಿಮಗೆ ಆ ಸಮಯ ಮೀರಿದೆ. ಹಾಗಂತ ಗಾಬರಿ ಬೇಡ. ಎಚ್.ಐ.ವಿ. ಇರುವವರಿಗೆ ಹಾಕಿದ ಸೂಜಿಯೇ ಚುಚ್ಚಿದರೂ ಸೋಂಕು ತಗಲುವ ಸಾಧ್ಯತೆ ಸುಮಾರು ಶೇ. 0.3. ಹೆಪಟೈಟಿಸ್ ಬಿ ಹಾಗಲ್ಲ. ಲಸಿಕೆ ಆಗದವರಿಗೆ ಅದು ಶೇ. 6ರಿಂದ 30ರವರೆಗೂ ಹೋಗುತ್ತದೆ. ಆದ್ದರಿಂದ ನಾಳೆ ಬೆಳಿಗ್ಗೆಯೇ ನಿಮ್ಮ ಎಚ್.ಐ.ವಿ., ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಪರೀಕ್ಷೆ ಮಾಡಿಸಿ. ಮತ್ತೆ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ. ಆ ಪೇಷೆಂಟ್ ಇನ್ನೂ ವಾರ್ಡಿನಲ್ಲಿದ್ದರೆ ಅವರ ಒಪ್ಪಿಗೆ ಕೇಳಿ ಅವರದನ್ನೂ ಮಾಡಿಸಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಆಗಿದ್ದು, ಟೈಟರ್ (ರಕ್ತದಲ್ಲಿರುವ ರೋಗನಿರೋಧಕದ ಅಳತೆ) 10ಕ್ಕಿಂತ ಜಾಸ್ತಿ ಇದ್ದರೆ ಆ ಚಿಂತೆ ಬಿಡಿ. ಆಗಿಲ್ಲದಿದ್ದರೆ ನಾಳೆಯೇ ಶುರು. ಇನ್ನು ಮುಂದೆ ಚುಚ್ಚಿದರೆ ಹಿಂಡಬೇಡಿ, ಸ್ಪಿರಿಟ್ ಬೇಡ. ಹರಿಯುವ ನೀರು, ಸೋಪು ಸಾಕು. ಆಮೇಲೆ ಕ್ಯಾಶುವಾಲ್ಟಿಗೆ ಹೋಗಿ ಬರೆಸಿ. 'ಹೇಳಿದರೆ ಬೈಯ್ತಾರೆ' ಅಂತ ಮುಚ್ಚಿಡುವ ಹೌಸ್ ಸರ್ಜನ್‌ಗಳನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಬೈದರೆ ಬೈಯಲಿ. ಬೈಗುಳ ಸಂಜೆಗೆ ಮರೆತುಹೋಗುತ್ತದೆ.

ಈಗ ನಿಮ್ಮ ಸಂಕಟಕ್ಕೆ ಬರೋಣ. ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಎರಡು ಬೇರೆ ಬೇರೆ ದೂರು ಕಲಸಿಕೊಂಡಿವೆ. ಒಂದು, ಕೆಲಸ ಜಾಸ್ತಿ, ಅದೂ ಮರ್ಯಾದೆ ಇಲ್ಲದ ಕೆಲಸ. ಇನ್ನೊಂದು, ಕಷ್ಟ ಬಂದಾಗ ಒಬ್ಬಳನ್ನೇ ಬಿಟ್ಟಿದ್ದಾರೆ. ಮೊದಲನೆಯದನ್ನು ಒಂದಷ್ಟು ಸಹಿಸಬಹುದು, ಅದರಿಂದ ಕಲಿಯಲೂಬಹುದು. ಎರಡನೆಯದನ್ನು ಒಂದು ರಾತ್ರಿಯೂ ಸಹಿಸಬೇಕಾಗಿಲ್ಲ. ಅಪ್ಪ 'ಸಹಿಸಿಕೋ' ಅಂದಿದ್ದು ಮೊದಲನೆಯದಕ್ಕೆ. ಎರಡನೆಯದು ಅವರಿಗೆ ಗೊತ್ತಿರಲಿಕ್ಕಿಲ್ಲ.

ಸ್ಯಾಂಪಲ್ ಕೆಲಸ ಕೀಳು ಅನ್ನಿಸುವುದು ಸಹಜ. ಪಿ.ಎಚ್.ಸಿ.ಯಲ್ಲಿ ನೀವು ಕೇಳಿ, ನೋಡಿ, ಔಷಧಿ ಬರೆದು ಕಳಿಸುತ್ತಿದ್ದವರು. ಇಲ್ಲಿ ಕೈಗೆ ಟ್ಯೂಬು ಕೊಟ್ಟಿದ್ದಾರೆ. ಆದರೆ ಸ್ವಲ್ಪ ನಿಧಾನವಾಗಿ ನೋಡಿ. ರಕ್ತ ಸಾಲದೆ ಬಂದಾಗ ನೇರಳೆ ಮುಚ್ಚಳದ ಟ್ಯೂಬಿನಿಂದ ಸ್ವಲ್ಪ ಕೆಂಪು ಮುಚ್ಚಳದ್ದಕ್ಕೆ ಸುರಿದು ಅಡ್ಜಸ್ಟ್ ಮಾಡುವವರಿದ್ದಾರೆ. ನೇರಳೆ ಟ್ಯೂಬಿನಲ್ಲಿರುವುದು ಪೊಟ್ಯಾಸಿಯಂ ಇ.ಡಿ.ಟಿ.ಎ. ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಏರಿರುತ್ತದೆ, ಕ್ಯಾಲ್ಸಿಯಂ ಕುಸಿದಿರುತ್ತದೆ. ಪೇಷೆಂಟ್ ಆರಾಮಾಗಿ ಕೂತು ಕಾಫಿ ಕುಡಿಯುತ್ತಿರುತ್ತಾರೆ, ಇತ್ತ ನಾವು ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್-ಡೆಕ್ಸ್‌ಟ್ರೋಸ್ ಹಾಕಲು ಓಡುತ್ತೇವೆ. ಡ್ರಿಪ್ ಓಡುತ್ತಿರುವ ಕೈಯಿಂದಲೇ ರಕ್ತ ತೆಗೆದರೆ ಸೋಡಿಯಂ, ಶುಗರ್ ಎರಡೂ ಸುಳ್ಳು. ಹಾವು ಕಚ್ಚಿದವರು ಬಂದಾಗ ಮಾಡುವ 20 ನಿಮಿಷದ ಟೆಸ್ಟ್ ನೋಡಿ. ಎರಡು ಎಂ.ಎಲ್. ರಕ್ತ, ಒಣಗಿದ ಗಾಜಿನ ಟ್ಯೂಬು, ಅಲ್ಲಾಡಿಸದೆ 20 ನಿಮಿಷ, ರಕ್ತ ಹೆಪ್ಪುಗಟ್ಟಿತೇ ಅಂತ ನೋಡುವುದು. ಪ್ಲಾಸ್ಟಿಕ್ ಟ್ಯೂಬಿಗೆ ಹಾಕಿದರೂ, ಮಧ್ಯೆ ಮಧ್ಯೆ ಎತ್ತಿ ಅಲ್ಲಾಡಿಸಿ ನೋಡಿದರೂ ಉತ್ತರ ತಪ್ಪು. ಮಲೆನಾಡಿನ ಅಂಚಿನಲ್ಲಿರುವ ನಮ್ಮ ಜಿಲ್ಲೆಯಲ್ಲಿ ಆ್ಯಂಟಿವೆನಮ್ ಕೊಡಬೇಕೋ ಬೇಡವೋ ಅನ್ನುವ ತೀರ್ಮಾನಕ್ಕೆ ಎಷ್ಟೋ ಸಲ ಆ ಒಂದು ಟ್ಯೂಬೇ ಆಧಾರ. ಅದನ್ನು ಕಾಯುತ್ತಾ ನಿಲ್ಲುವವರು ಹೌಸ್ ಸರ್ಜನ್, ಪ್ರೊಫೆಸರ್ ಅಲ್ಲ.

2025ರ ಜೂನ್-ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಭಯ ಹಬ್ಬಿತ್ತಲ್ಲ, ಆಗ ಎದೆ ಒಂಚೂರು ಉರಿದರೂ ಜನ ಇ.ಸಿ.ಜಿ.ಗೆ ಓಡಿಬಂದರು. ಅಂಥ ನೂಕುನುಗ್ಗಲಿನಲ್ಲಿ ಎಡಗೈ ಲೀಡ್ ಬಲಗೈಗೆ ಹೋದರೆ ಒಂದನೇ ಲೀಡ್ ತಲೆಕೆಳಗಾಗಿ ಬರುತ್ತದೆ. ಓದುವವರು ಹೌಹಾರುತ್ತಾರೆ. ಸಣ್ಣ ಕೆಲಸ ಅಂತ ನಾವು ಅಂದುಕೊಂಡಿದ್ದು ಇದು.

ಹಾಗಂತ ಸಾಲಿನಲ್ಲಿ ನಿಂತು ರಿಪೋರ್ಟ್ ತರುವುದರಿಂದ ಏನೋ ಕಲಿಯುತ್ತೀರಿ ಅಂತ ನಾನು ಹೇಳುವುದಿಲ್ಲ. ಅದು ಅಟೆಂಡರ್ ಮಾಡುವ ಕೆಲಸ. ಆ ಜಾಗ ಖಾಲಿ ಇರುವುದರಿಂದ ನಿಮ್ಮ ತಲೆಗೆ ಬಂದಿದೆ. ಅದರ ಸಿಟ್ಟು ನ್ಯಾಯವೇ.

ಇನ್ನು 'ನಾವೂ ಹೀಗೇ ಕಲಿತಿದ್ದು' ಅನ್ನುವ ಮಾತು. ನಿದ್ದೆಗೆಟ್ಟು, ಬೈಸಿಕೊಂಡರೇ ಒಳ್ಳೆ ಡಾಕ್ಟರ್ ಆಗುವುದು ಅನ್ನುವ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹಗಲು ರಾತ್ರಿ ಆಸ್ಪತ್ರೆಯಲ್ಲೇ ಇದ್ದು ಕಲಿಯುವ ರೆಸಿಡೆನ್ಸಿ ಪದ್ಧತಿಯನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕಟ್ಟಿದವರು ವಿಲಿಯಂ ಹಾಲ್‌ಸ್ಟೆಡ್. ದೊಡ್ಡ ಸರ್ಜನ್, ಅನುಮಾನವಿಲ್ಲ. ಅವರಿಗೆ ಮೊದಲು ಕೊಕೇನ್, ಆಮೇಲೆ ಮಾರ್ಫಿನ್ ಚಟವಿತ್ತು ಅನ್ನುವುದನ್ನು ಮಾತ್ರ ರೌಂಡ್ಸ್‌ನಲ್ಲಿ ಯಾರೂ ಹೇಳುವುದಿಲ್ಲ. 2004ರಲ್ಲಿ ಬೋಸ್ಟನ್ನಿನಲ್ಲಿ ಇಂಟರ್ನ್‌ಗಳ ಮೇಲೆ ನಡೆದ ಅಧ್ಯಯನವೊಂದು ಬಂತು. ಒಂದೇ ಸಮನೆ 24 ಗಂಟೆಗಿಂತ ಜಾಸ್ತಿ ಡ್ಯೂಟಿ ಮಾಡಿದವರು, ಕಡಿಮೆ ಗಂಟೆ ಮಾಡಿದವರಿಗಿಂತ ಶೇ. 36ರಷ್ಟು ಹೆಚ್ಚು ಗಂಭೀರ ತಪ್ಪು ಮಾಡಿದ್ದರು. ನಮ್ಮಲ್ಲೂ ರೆಸಿಡೆಂಟ್‌ಗಳಿಗೆ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಅನ್ನುವ ಕೇಂದ್ರ ಸರ್ಕಾರದ ಸೂಚನೆ 1992ರಿಂದಲೇ ಇದೆ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಅಂತ ಶಿಫಾರಸು ಮಾಡಿತು. ವಾರ್ಡಿನಲ್ಲಿ ನಡೆಯುವುದು ಏನು ಅಂತ ನಿಮಗೇ ಗೊತ್ತು.

ಆದರೆ ಗಂಟೆ ಇಳಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದೂ ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ ಸರ್ಜರಿ ರೆಸಿಡೆಂಟ್‌ಗಳ ಮೇಲೆ ನಡೆದ ದೊಡ್ಡ ಪ್ರಯೋಗವೊಂದರ ಫಲಿತಾಂಶ 2016ರಲ್ಲಿ ಬಂತು. ಡ್ಯೂಟಿ ಗಂಟೆಯ ಬಿಗಿ ಇದ್ದರೂ, ಸಡಿಲ ಇದ್ದರೂ ರೋಗಿಗಳ ಸಾವುನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಡ್ಯೂಟಿ ಚಿಕ್ಕದಾದಷ್ಟೂ ಪೇಷೆಂಟ್ ಕೈ ಬದಲಾಗುವುದು ಜಾಸ್ತಿ, ಅದೂ ಒಂದು ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತದೆ. ಏಕೆಂದರೆ ಓವರ್ ಕೊಡುವ, ಅಂದರೆ ಡ್ಯೂಟಿ ಮುಗಿಸುವವರು ಮುಂದಿನವರಿಗೆ ಪೇಷೆಂಟ್ ವಿವರ ಒಪ್ಪಿಸುವ ರೀತಿ ಸುಧಾರಿಸಿದಾಗ ಫಲ ಚೆನ್ನಾಗಿ ಕಂಡಿದೆ. ಒಂಬತ್ತು ಮಕ್ಕಳ ಆಸ್ಪತ್ರೆಗಳಲ್ಲಿ ಓವರ್ ಕೊಡಲು ಒಂದೇ ಕ್ರಮ ಕಲಿಸಿದಾಗ ತಪ್ಪುಗಳು ಶೇ. 23ರಷ್ಟು ಇಳಿದವು ಅಂತ 2014ರಲ್ಲಿ ಪ್ರಕಟವಾಯಿತು. ಒಂದು ರೂಪಾಯಿಯ ಹೊಸ ಔಷಧಿ ಇಲ್ಲದೆ!

ನಿಮ್ಮ ಕಷ್ಟದ ಬೇರೂ ಇಲ್ಲೇ ಇದೆ ಅಂತ ನನ್ನ ಲೆಕ್ಕ. ನಿಮ್ಮನ್ನು ಹೊಸ ವಾರ್ಡಿಗೆ ತಂದು ಬಿಟ್ಟರು, ಓವರ್ ಯಾರೂ ಕೊಡಲಿಲ್ಲ. ಯಾವ ಪೇಷೆಂಟ್ ಏನು, ಯಾವ ಅಲ್ಮೆರಾದಲ್ಲಿ ಏನಿದೆ, ಯಾರನ್ನು ಕೇಳಬೇಕು, ಒಂದೂ ಗೊತ್ತಿಲ್ಲ. ಗೊತ್ತಾಗುವ ಹೊತ್ತಿಗೆ ಆರು ವಾರ ಮುಗಿದು ಇನ್ನೊಂದು ವಾರ್ಡು. ಆ ಪಿ.ಜಿ. ಕೂಡ ಸುಖವಾಗಿಲ್ಲ. ಈಗ ಪಿ.ಜಿ.ಗಳು ಮೂರು ತಿಂಗಳು ಜಿಲ್ಲಾ ಆಸ್ಪತ್ರೆಗಳಿಗೆ ಹೋಗಬೇಕೆಂಬ ನಿಯಮವಿದೆ. ಒಬ್ಬರು ಹೋದರೆ ಉಳಿದವರ ಮೇಲೆ ಅವರ ಕೆಲಸವೂ ಬೀಳುತ್ತದೆ. ಬೈಯುವುದಕ್ಕೆ ಇದು ಸಮರ್ಥನೆ ಅಲ್ಲ. ಆದರೆ ಅವರು ಬೈದಿದ್ದು ನಿಮ್ಮ ಯೋಗ್ಯತೆಯ ಅಳತೆಯೂ ಅಲ್ಲ.

ಓವರ್ ಯಾರೂ ಕೊಡದಿದ್ದರೆ ನೀವೇ ಕೇಳಿ ಪಡೆಯಿರಿ. ಡ್ಯೂಟಿ ಮುಗಿಸಿ ಹೊರಟವರನ್ನು ಬಾಗಿಲಲ್ಲೇ ನಿಲ್ಲಿಸಿ, ಇವತ್ತು ರಾತ್ರಿ ಕೈಕೊಡಬಹುದಾದವರು ಯಾರು, ಯಾವ ರಿಪೋರ್ಟ್ ಬರಬೇಕು, ಹೀಗಾದರೆ ಏನು ಮಾಡಲಿ ಅಂತ ಕೇಳಿ. ಐದು ನಿಮಿಷದ ಮಾತು. ಆಮೇಲೆ ಸಿಸ್ಟರ್ ಹತ್ತಿರ ಹೋಗಿ. ವರ್ಷಗಟ್ಟಲೆ ಆ ವಾರ್ಡಿನಲ್ಲಿರುವ ಸಿಸ್ಟರ್‌ಗೆ ಎರಡನೇ ವರ್ಷದ ಪಿ.ಜಿ.ಗಿಂತ ಜಾಸ್ತಿ ಗೊತ್ತಿರುತ್ತದೆ. 'ಸಿಸ್ಟರ್, ನನಗೆ ಹೊಸತು, ತೋರಿಸಿಕೊಡ್ತೀರಾ' ಅಂದರೆ ಇಲ್ಲ ಅನ್ನುವವರು ಕಡಿಮೆ. ಹೌಸ್ ಸರ್ಜನ್‌ಗಳು ಮಾಡುವ ತಪ್ಪೇನೆಂದರೆ ಗೊತ್ತಿಲ್ಲ ಅನ್ನುವುದನ್ನು ಸಿಸ್ಟರ್ ಮುಂದೆ ಮುಚ್ಚಿಡುವುದು.

ನೈಟ್‌ನಲ್ಲಿ ಫೋನ್ ಎತ್ತುವುದಿಲ್ಲ ಅಂದಿರಿ. ಇದು ಎರಡನೇ ದೂರು, ಇದನ್ನು ಬಿಡಬಾರದು. ಮೊದಲು ಫೋನ್ ಮಾಡುವ ರೀತಿ. 'ಸರ್, ಪೇಷೆಂಟ್ ಸರಿ ಇಲ್ಲ, ಬರ್ತೀರಾ?' ಅಂದರೆ ನಿದ್ದೆಗಣ್ಣಿನಲ್ಲಿರುವ ಪಿ.ಜಿ. 'ವೈಟಲ್ಸ್ ನೋಡಿ ಹೇಳು' ಅಂದು ಇಟ್ಟುಬಿಡುತ್ತಾರೆ. ಹೀಗೆ ಹೇಳಿ: 'ಸರ್, ಪುರುಷರ ವಾರ್ಡ್, ಬೆಡ್ 14. ಕೀಟನಾಶಕ ಕುಡಿದ ಕೇಸ್, ಎರಡನೇ ದಿನ. ಪಲ್ಸ್ 52, ಸ್ಯಾಚುರೇಷನ್ 86. ಎದೆ ತುಂಬಾ ಕ್ರೆಪ್ಸ್ ಇದೆ. ಅಟ್ರೋಪಿನ್ ಇನ್ಫ್ಯೂಷನ್ ಅರ್ಧ ಗಂಟೆಯಿಂದ ನಿಂತಿದೆ. ಬೋಲಸ್ ಕೊಡ್ತಿದ್ದೇನೆ, ನೀವು ಬರಬೇಕು.' ಇದಕ್ಕೆ ಬರುವುದಿಲ್ಲ ಅನ್ನುವುದು ಕಷ್ಟ.

ನಮ್ಮ ಕಡೆ ವಿಷ ಕುಡಿದು ಬರುವವರು ಜಾಸ್ತಿ, ಅಲ್ವಾ? ಅದಕ್ಕೇ ಆ ಉದಾಹರಣೆ ಕೊಟ್ಟೆ. ಆ ವಿಷಕ್ಕೆ ಕೊಡುವ ಅಟ್ರೋಪಿನ್ ಸಾಕಾಯಿತಾ ಅಂತ ಕಣ್ಣಿನ ಪಾಪೆ ನೋಡಿ ತೀರ್ಮಾನಿಸಬೇಡಿ. ಎದೆಗೆ ಸ್ಟೆತ್ ಇಡಿ, ಕ್ರೆಪ್ಸ್ (ಎದೆಯ ಗೊರಗೊರ ಸದ್ದು) ಹೋಗಿರಬೇಕು. ಎರಡು-ಮೂರನೇ ದಿನ ಪೇಷೆಂಟ್ ಚೇತರಿಸಿಕೊಂಡಂತೆ ಕಾಣುವಾಗ ರೌಂಡ್ಸ್ ಬೇಗ ಮುಂದೆ ಹೋಗಿಬಿಡುತ್ತದೆ. ನೀವು ರಾತ್ರಿ ಬಿ.ಪಿ. ನೋಡಲು ಹೋದಾಗ 'ದಿಂಬಿಂದ ತಲೆ ಎತ್ತಿ' ಅನ್ನಿ. ಎತ್ತಲಾಗದಿದ್ದರೆ ಉಸಿರಾಟದ ಸ್ನಾಯುಗಳೂ ಸೋಲುತ್ತಿವೆ ಅಂತ ಅರ್ಥ, ಆಗಲೇ ವೆಂಟಿಲೇಟರ್‌ಗೆ ಏರ್ಪಾಡು ಮಾಡಬೇಕು. ದೊಡ್ಡ ಡಾಕ್ಟರ್‌ಗಳಿಗಿಂತ ಮೊದಲು ಅದನ್ನು ಹಿಡಿಯುವ ಅವಕಾಶ ಇರುವುದು ರಾತ್ರಿ ಮಂಚದ ಪಕ್ಕ ಹೋಗುವವರಿಗೆ. ಪಿ.ಎಚ್.ಸಿ.ಯ ಡಾಕ್ಟ್ರಮ್ಮನಿಗೆ ಇಲ್ಲಿಯೂ ಕೆಲಸವಿದೆ.

ಪಿ.ಜಿ. ಫೋನ್ ಎತ್ತದಿದ್ದರೆ ಹತ್ತು ನಿಮಿಷಕ್ಕೆ ಇನ್ನೊಮ್ಮೆ ಮಾಡಿ. ಪೇಷೆಂಟ್ ಕೈಮೀರುವಂತಿದ್ದರೆ ಅಷ್ಟೂ ಕಾಯಬೇಡಿ. ಮುಂದೆ ಡ್ಯೂಟಿ ಅಸಿಸ್ಟೆಂಟ್ ಪ್ರೊಫೆಸರ್, ಅವರೂ ಸಿಗದಿದ್ದರೆ ಕ್ಯಾಶುವಾಲ್ಟಿ ಡ್ಯೂಟಿ ಡಾಕ್ಟರ್. ಪ್ರತಿ ಸಲವೂ ಕೇಸ್ ಶೀಟಿನಲ್ಲಿ ಸಮಯ ಹಾಕಿ ಬರೆಯಿರಿ: '2.10ಕ್ಕೆ ಡ್ಯೂಟಿ ಪಿ.ಜಿ.ಗೆ ಫೋನ್, ಉತ್ತರವಿಲ್ಲ. 2.20ಕ್ಕೆ ಮತ್ತೆ.' ಯಾರ ಮೇಲೂ ದೂರು ಬರೆಯಬೇಡಿ, ಸಮಯ ಮಾತ್ರ. ಮುಂದೆ ಏನಾದರೂ ಆದರೆ ನಿಮ್ಮನ್ನು ಕಾಯುವುದು ಆ ಎರಡು ಸಾಲು.

ಡೆತ್ ಸರ್ಟಿಫಿಕೇಟ್‌ಗೆ ಸಹಿ ಹಾಕದೇ ಇದ್ದದ್ದು ಸರಿ. ಹೌಸ್ ಸರ್ಜನ್ ಇರುವುದು ತಾತ್ಕಾಲಿಕ ನೋಂದಣಿಯ ಮೇಲೆ, ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ. ವೈದ್ಯಕೀಯ ಸರ್ಟಿಫಿಕೇಟ್, ಮರಣ ಪತ್ರ, ಮೆಡಿಕೋಲೀಗಲ್ ದಾಖಲೆ, ಯಾವುದಕ್ಕೂ ಸ್ವಂತ ಸಹಿ ಹಾಕುವಂತಿಲ್ಲ. ಆಪರೇಷನ್ ಬಗ್ಗೆ ನಿಮಗೇ ಗೊತ್ತಿಲ್ಲದಿರುವಾಗ ಪೇಷೆಂಟ್ ಕಡೆಯವರಿಂದ ಒಪ್ಪಿಗೆ ಬರೆಸಿಕೊಳ್ಳುವುದೂ ಬೇಡ. ವಾದ ಮಾಡಬೇಡಿ. 'ಬರೆದು ಇಟ್ಟಿರ್ತೀನಿ ಮೇಡಂ, ಸಹಿ ನೀವೇ ಹಾಕಬೇಕು, ನನ್ನದು ನಡೆಯಲ್ಲ' ಅಂದರೆ ಆಯಿತು.

ಈಗ ನಿಮ್ಮ ಮುಂದಿರುವ ದಾರಿಗಳು. ಪೋಸ್ಟಿಂಗ್ ಬದಲಾವಣೆಗೆ ನನ್ನ ಮತ ಇಲ್ಲ. ಮೆಡಿಸಿನ್ ಆರು ವಾರದಲ್ಲಿ ಎರಡು ಆಗಲೇ ಕಳೆದಿದೆ. ಬಿಟ್ಟು ಹೋದ ದಿನಗಳನ್ನು ಕೊನೆಗೆ ತುಂಬಿಕೊಡಲೇಬೇಕು, ಒಂದು ವರ್ಷದ ಹೌಸ್‌ಮನ್‌ಶಿಪ್ ಉದ್ದವಾಗುತ್ತದೆ. ನೀಟ್ ಪಿ.ಜಿ.ಗೆ ಇಂಟರ್ನ್‌ಶಿಪ್ ಇಂಥ ದಿನದೊಳಗೆ ಮುಗಿದಿರಬೇಕೆಂಬ ಕಟ್ಟಳೆ ಇರುವುದರಿಂದ, ನಾಲ್ಕು ವಾರದ ನೆಮ್ಮದಿಗೆ ಒಂದು ವರ್ಷ ಹೋಗಬಹುದು. ಅಲ್ಲದೆ ಸರ್ಜರಿಗೆ ಹೋದರೂ ಅದೇ ಸ್ಯಾಂಪಲ್, ಅದೇ ಲ್ಯಾಬು. ತೀರಾ ಸುಸ್ತಾಗಿದ್ದರೆ ರಜೆ ಇದೆ, ವರ್ಷಕ್ಕೆ 15 ದಿನ. ಅದನ್ನು ಪರೀಕ್ಷೆಗೆಂದು ಪೂರ್ತಿ ಕೂಡಿಡಬೇಡಿ. ಎರಡು ದಿನ ತೆಗೆದು ಮಲಗಿ.

ಪಿ.ಜಿ. ಹತ್ತಿರ ನೇರ ಮಾತಾಡುವುದು ಇನ್ನೊಂದು ದಾರಿ. ಬೈಸಿಕೊಂಡ ಹೊತ್ತಿನಲ್ಲಿ ಬೇಡ. ಓ.ಪಿ.ಡಿ. ಮುಗಿದು ಟೀ ಕುಡಿಯುವಾಗ, 'ತಪ್ಪಾದರೆ ಹೇಳಿ ಸರ್, ಪೇಷೆಂಟ್ ಮುಂದೆ ಬೇಡ, ಆಮೇಲೆ ಅವರು ನನ್ನ ಮಾತು ಕೇಳಲ್ಲ' ಅನ್ನಿ. ಎಷ್ಟೋ ಜನಕ್ಕೆ ತಾವು ಹಾಗೆ ಮಾಡುತ್ತಿದ್ದೇವೆ ಅನ್ನುವುದೇ ತಿಳಿದಿರುವುದಿಲ್ಲ. ಕೆಲವರು ಇದರಿಂದಲೇ ಇನ್ನಷ್ಟು ಉರಿದುಬೀಳಬಹುದು, ಅದೂ ಇದೆ.

ಯೂನಿಟ್ ಚೀಫ್ ಹತ್ತಿರ ಹೋಗುವುದಾದರೆ ಒಬ್ಬರೇ ಹೋಗಬೇಡಿ, ಇಬ್ಬರು ಮೂವರು ಸೇರಿ ಹೋಗಿ. ಮೆಡಿಸಿನ್ ಯೂನಿಟ್ ನಡೆಸಿದವನಾಗಿ ಹೇಳುತ್ತೇನೆ, 'ನಮಗೆ ತುಂಬಾ ಹಿಂಸೆ ಆಗ್ತಿದೆ ಸರ್' ಅಂತ ಬಂದರೆ ಚೀಫ್ ಸಮಾಧಾನ ಹೇಳಿ ಕಳಿಸುತ್ತಾರೆ, ಅಷ್ಟಕ್ಕೇ ಮುಗಿಯಿತು. ಮಾಡಿಸಿಕೊಳ್ಳಬಹುದಾದದ್ದನ್ನು ಕೇಳಿ. ನೈಟ್‌ನಲ್ಲಿ ಪಿ.ಜಿ. ಸಿಗದಿದ್ದರೆ ಯಾರಿಗೆ ಫೋನ್ ಮಾಡಬೇಕು, ಆ ನಂಬರುಗಳನ್ನು ಬರೆದು ನರ್ಸಿಂಗ್ ಸ್ಟೇಷನ್ನಿನಲ್ಲಿ ಅಂಟಿಸಿ ಅನ್ನಿ. ರಾತ್ರಿ ಸ್ಯಾಂಪಲ್ ಒಯ್ಯಲು ಒಬ್ಬ ಅಟೆಂಡರ್ ಕೊಡಿ ಅನ್ನಿ. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಡ್ಯೂಟಿ ರೂಮ್ ಬೇಕು ಅನ್ನಿ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತಾದಲ್ಲಿ ಡ್ಯೂಟಿಯಲ್ಲಿದ್ದ ಪಿ.ಜಿ. ಡಾಕ್ಟರ್ ಮೇಲೆ ಅತ್ಯಾಚಾರ, ಕೊಲೆ ನಡೆದ ಮೇಲೆ ಈ ಕೊನೆಯದನ್ನು ಬೇಡ ಅನ್ನಲು ಯಾವ ಆಡಳಿತಕ್ಕೂ ಬಾಯಿಲ್ಲ.

ಕಂಪ್ಲೀಷನ್ ಸರ್ಟಿಫಿಕೇಟ್ ಹಾಜರಿ, ಲಾಗ್‌ಬುಕ್, ವಿಭಾಗಗಳ ಮೌಲ್ಯಮಾಪನ ನೋಡಿ ಕೊಡುವಂಥದ್ದು. ದೂರು ಕೊಟ್ಟಿದ್ದಕ್ಕೆ ತಡೆಹಿಡಿಯಲು ನಿಯಮವಿಲ್ಲ. ಆದರೆ ಲಾಗ್‌ಬುಕ್‌ಗೆ ಸಹಿ ಹಾಕಲು ಸತಾಯಿಸುವುದು, ಮುಖ ತಿರುಗಿಸಿಕೊಂಡು ಹೋಗುವುದು ನಡೆಯುತ್ತದೆ. ಆದ್ದರಿಂದ ಲಾಗ್‌ಬುಕ್ ಸಹಿಯನ್ನು ವಾರವಾರಕ್ಕೇ ಮಾಡಿಸಿಕೊಂಡುಬಿಡಿ, ಕೊನೆಗೆ ಉಳಿಸಿಕೊಳ್ಳಬೇಡಿ. ಕೆಟ್ಟ ಬೈಗುಳ, ಬೆದರಿಕೆ, ಸ್ವಂತ ಕೆಲಸ ಮಾಡಿಸಿಕೊಳ್ಳುವುದು ಶುರುವಾದರೆ ಅದು ಪೋಸ್ಟಿಂಗ್ ಕಷ್ಟ ಅಲ್ಲ, ರ್‍ಯಾಗಿಂಗ್. ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲೇ ಕೊಡಿ. 1800-180-5522 ರಾಷ್ಟ್ರೀಯ ಸಹಾಯವಾಣಿಯೂ ಇದೆ. ಮೈಮೇಲೆ ಕೈ, ಅಸಹ್ಯದ ಮಾತು ಆದರೆ ಆಂತರಿಕ ಸಮಿತಿ. ಅಲ್ಲಿ ಯೋಚನೆ ಮಾಡುತ್ತಾ ಕೂರಬೇಡಿ.

ಲಾಯಕ್ಕು ಇದೆಯೋ ಇಲ್ಲವೋ ಅಂತ ಕೇಳಿದ್ದೀರಿ. ಈ ವಾರ್ಡಿಗೆ ಬಂದು ಎರಡೇ ವಾರ, ಆ ಪ್ರಶ್ನೆಗೆ ಉತ್ತರ ಹೇಳುವಷ್ಟು ಪುರಾವೆ ಯಾರ ಹತ್ತಿರವೂ ಇಲ್ಲ, ನಿಮ್ಮ ಹತ್ತಿರವೂ ಇಲ್ಲ. ನಾನು ನೋಡುವುದು ಬೇರೆ. ರಜೆಯ ದಿನವೂ ಮನಸ್ಸು ಹಗುರಾಗುತ್ತಿಲ್ಲವೇ? ಮಲಗಲು ಸಮಯ ಸಿಕ್ಕರೂ ನಿದ್ದೆ ಬರುತ್ತಿಲ್ಲವೇ? ಊಟ ಸೇರುತ್ತಿಲ್ಲವೇ? ಇವು ಎರಡು ವಾರಕ್ಕಿಂತ ಜಾಸ್ತಿ ಎಳೆದರೆ ಅದನ್ನು ಪೋಸ್ಟಿಂಗ್ ಅಂತ ಬಿಡಬೇಡಿ, ಡಿಪ್ರೆಷನ್ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಬದುಕುವುದೇ ಬೇಡ ಅನ್ನಿಸಿದರೆ ಎರಡು ವಾರ ಕಾಯುವ ಮಾತೇ ಇಲ್ಲ, ಆ ಕ್ಷಣವೇ ಯಾರಿಗಾದರೂ ಹೇಳಿ. ಸ್ವಂತ ಆಸ್ಪತ್ರೆಯ ಸೈಕಿಯಾಟ್ರಿಗೆ ಹೋಗಲು ಮುಜುಗರವಾದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ನೀಟ್ ಪಿ.ಜಿ. ಓದು ಈ ನಾಲ್ಕು ವಾರ ಹಿಂದೆ ಬಿದ್ದರೆ ಬೀಳಲಿ. ದಿನಕ್ಕೊಂದು ಕೇಸ್, ನಿಮ್ಮ ವಾರ್ಡಿನದೇ, ಅರ್ಧ ಗಂಟೆ ಓದಿ. ಸಾಕು.

ಆ ಸ್ಕೂಟಿ ಪ್ರಯಾಣ ಮಾತ್ರ ಇವತ್ತಿಗೇ ನಿಲ್ಲಿಸಿ. 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ 100 ಎಂ.ಎಲ್.ಗೆ 50 ಮಿಲಿಗ್ರಾಂ ಮದ್ಯ ಇರುವವರಷ್ಟೇ ಕೆಡುತ್ತದೆ ಅಂತ 1997ರಲ್ಲೇ ಅಳೆದು ತೋರಿಸಿದ್ದಾರೆ. ನಮ್ಮ ಕಾನೂನಿನಲ್ಲಿ 30 ದಾಟಿದರೇ ಕೇಸು. ನೀವು ನೈಟ್ ಮುಗಿಸುವಾಗ 24 ಗಂಟೆ ಆಗಿರುತ್ತದೆ, ಮೇಲೆ ಕಣ್ಣಲ್ಲಿ ನೀರು ಬೇರೆ. ಹಾಸ್ಟೆಲ್ಲಿನಲ್ಲೇ ನಾಲ್ಕು ಗಂಟೆ ಮಲಗಿ ಆಮೇಲೆ ಹೊರಡಿ. ಇಲ್ಲ, ಅಮ್ಮನ ಕೈ ಊಟವೇ ಬೇಕು ಅಂದರೆ ಬಸ್ ಹತ್ತಿ. ಅರಸೀಕೆರೆ ಬಂದಾಗ ಎಬ್ಬಿಸಿ ಅಂತ ಕಂಡಕ್ಟರ್‌ಗೆ ಮೊದಲೇ ಹೇಳಿಡಿ.